ಕಾಚಿನ ಬಣ್ಣಕ್ಕೆ ತಿರುಗಿದ ಭತ್ತ: ಸಸ್ಯಗಳ ಖನಿಜಾಹಾರ ಮತ್ತು ಅದರ ಕೊರತೆ



ದೆಹಲಿಯಲ್ಲಾಗಲಿ ಮುಂಬಯಿಯಲ್ಲಾಗಲಿ ನೆಲೆಸಿರುವ ಕನ್ನಡಿಗರಿಗೆ 'ಕತ್ಥಾ' ಎಂಬ ಮಾತು ಅಪರಿಚಿತವಲ್ಲ. ವೀಳ್ಯದೆಲೆಗೆ ಸುಣ್ಣದೊಡನೆ ಸವರುವ ಈ ಕೆಂಗಂದು ಪದಾರ್ಥವನ್ನು ಕನ್ನಡದಲ್ಲಿ ಕಾಚು ಎನ್ನುತ್ತಾರೆ. ಅದನ್ನು ಕೊಡುವ ಮರಕ್ಕೆ ಹಿಂದಿಯಲ್ಲಿ 'ಖೈರ್' ಎಂದು ಹೆಸರು. 1960ರ ದಶಕದಲ್ಲಿ ಹಿಮಾಲಯದ ಬುಡದಲ್ಲಿರುವ ತರಾಯಿ ಪ್ರದೇಶದ ಭತ್ತದ ಗದ್ದೆಗಳಿಗೆ ಬಂದೊದಗಿದ ಒಂದು ಪೀಡೆಗೆ ಈ ಬಣ್ಣದಿಂದಲೇ 'ಖೈರಾ' ಎಂಬ ಹೆಸರು ಬಂದಿತು. ನಾಟಿ ಮಾಡಿ ಎರಡು ಮೂರು ವಾರಗಳಾಗುವಷ್ಟರಲ್ಲಿ, ಹಸಿರೇರಬೇಕಾಗಿದ್ದ ಪೈರು ಅಲ್ಲಲ್ಲಿ ಕುಗ್ಗಿ ನಿಲ್ಲುತ್ತಿತ್ತು. ಎಳೆಯ ಎಲೆಯ ಬುಡದಲ್ಲಿ ನಡುನರದ ಅಕ್ಕಪಕ್ಕ ಬಿಳಚಿಕೊಂಡು, ಅನಂತರ ಎಲೆಯ ಮೇಲೆ ತುಕ್ಕಿನಂಥ ಚಿಕ್ಕ ಚಿಕ್ಕ ಕಲೆಗಳು ಮೂಡಿ, ಅವು ಒಂದನ್ನೊಂದು ಕೂಡಿಕೊಂಡು, ಕಡೆಗೆ ಇಡೀ ಎಲೆಯೇ ಕಾಚಿನ ಬಣ್ಣಕ್ಕೆ ತಿರುಗುತ್ತಿತ್ತು. ದೂರದಿಂದ ನೋಡಿದವರಿಗೆ ಗದ್ದೆಯ ನಡುವೆ ಯಾರೋ ಕಂದು ಬಣ್ಣವನ್ನು ಚೆಲ್ಲಿದಂತೆ ತೋರುತ್ತಿತ್ತು. ತೆಂಡೆಗಳು ಒಡೆಯುತ್ತಿರಲಿಲ್ಲ, ಬೇರುಗಳು ಬೆಳೆಯುತ್ತಿರಲಿಲ್ಲ, ಪೀಡೆ ತೀವ್ರವಾದ ಕಡೆ ಫಸಲೇ ಕೈಗೆ ಸಿಗುತ್ತಿರಲಿಲ್ಲ.

ತರಾಯಿಯ ಸ್ಥಿತಿಯನ್ನು ಬಲ್ಲವರಿಗೆ ಈ ನಷ್ಟದ ಭಾರ ಅರ್ಥವಾದೀತು. ಒಂದು ಕಾಲಕ್ಕೆ ಅದು ದಟ್ಟವಾದ ಕಾಡು, ಜೌಗು ಮತ್ತು ಮಲೇರಿಯಾಗಳ ನೆಲೆಯಾಗಿದ್ದಿತು. ಸ್ವಾತಂತ್ರ್ಯಾನಂತರ ಕಾಡನ್ನು ಕಡಿದು, ದೇಶ ವಿಭಜನೆಯಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೂ ಇತರರಿಗೂ ಅಲ್ಲಿ ಜಮೀನು ಹಂಚಲಾಯಿತು. ಮನೆಮಾರು ಕಳೆದುಕೊಂಡು ಬಂದವರು ಹೊಸದಾಗಿ ಹಸನುಮಾಡಿಕೊಂಡ ನೆಲವದು. ಕಾಡಿನ ಎಲೆ ಕೊಳೆತು ಕಪ್ಪಾದ, ಕೈಗೆ ಮೆತ್ತಗೆ ಸಿಗುವ ಆ ಮಣ್ಣು ಬರಡೆಂದು ಯಾರೂ ಊಹಿಸುವಂತಿರಲಿಲ್ಲ. 1960ರಲ್ಲಿ ಪಂತನಗರದಲ್ಲಿ ಉತ್ತರ ಪ್ರದೇಶ ಕೃಷಿ ವಿಶ್ವವಿದ್ಯಾಲಯ ಆರಂಭವಾಯಿತು. ಈಗ ಆ ಪ್ರದೇಶ ಉತ್ತರಾಖಂಡ ರಾಜ್ಯಕ್ಕೆ ಸೇರಿದೆ. ಅಲ್ಲಿ ಸಸ್ಯರೋಗ ವಿಜ್ಞಾನಿಯಾಗಿದ್ದ ಡಾ. ವೈ. ಎಲ್. ನೇನೆ ಅವರು ಖೈರಾ ಪೀಡೆಯ ಮೂಲವನ್ನು ಹುಡುಕಲು ತೊಡಗಿದರು. ಅವರು ಕಂಡುಕೊಂಡ ಉತ್ತರವನ್ನು ತಿಳಿಯುವ ಮುನ್ನ, ಸಸ್ಯವೊಂದು ಮಣ್ಣಿನಿಂದ ಪಡೆಯುವುದೇನು ಎಂಬುದನ್ನು ಸ್ವಲ್ಪ ವಿಚಾರಿಸಬೇಕಾಗುತ್ತದೆ.

ಗಿಡ ಮಣ್ಣನ್ನು ತಿಂದು ಬೆಳೆಯುತ್ತದೆ ಎಂಬುದು ಬಹು ಹಳೆಯ ನಂಬಿಕೆ. ಹದಿನೇಳನೆಯ ಶತಮಾನದಲ್ಲಿ ಈಗಿನ ಬೆಲ್ಜಿಯಂ ಪ್ರದೇಶದವನಾದ ವಾನ್ ಹೆಲ್ಮಾಂಟ್ ಎಂಬಾತನು ಇದನ್ನು ತಕ್ಕಡಿಯಿಂದ ಪರೀಕ್ಷಿಸಿದನು. 200 ಪೌಂಡು ಒಣಮಣ್ಣು ತುಂಬಿದ ಕುಂಡದಲ್ಲಿ 5 ಪೌಂಡು ತೂಕದ ವಿಲ್ಲೋ ಸಸಿಯನ್ನು ನೆಟ್ಟು, ಐದು ವರ್ಷ ಬರಿಯ ನೀರೆರೆದು ಸಾಕಿದನು. ಗಿಡದ ತೂಕ 169 ಪೌಂಡಿಗೂ ಸ್ವಲ್ಪ ಹೆಚ್ಚಾಯಿತು. ಮಣ್ಣನ್ನು ಒಣಗಿಸಿ ತೂಗಿದಾಗ ಕಡಮೆಯಾಗಿದ್ದುದು ಸುಮಾರು 2 ಔನ್ಸು ಮಾತ್ರ. ಮರವೆಲ್ಲವೂ ನೀರಿನಿಂದಲೇ ಆಯಿತೆಂದು ಆತನು ತೀರ್ಮಾನಿಸಿದನು. ಗಾಳಿಯಲ್ಲಿರುವ ಇಂಗಾಲಾಮ್ಲದ ಪಾತ್ರ ಆತನಿಗೆ ತಿಳಿದಿರಲಿಲ್ಲವಾದ್ದರಿಂದ ತೀರ್ಮಾನ ತಪ್ಪಾಯಿತು. ಆದರೆ ಅದಕ್ಕಿಂತ ಸ್ವಾರಸ್ಯವಾದುದು ಆತನು ಲೆಕ್ಕಕ್ಕೇ ತೆಗೆದುಕೊಳ್ಳದೆ ಬಿಟ್ಟ ಆ 2 ಔನ್ಸು. ಸಸ್ಯದ ಖನಿಜಾಹಾರದ ಕಥೆಯೆಲ್ಲ ಅದರಲ್ಲಿಯೇ ಅಡಗಿದ್ದಿತು.

ಕಟ್ಟಿಗೆಯನ್ನು ಸುಟ್ಟಾಗ ಒಲೆಯಲ್ಲಿ ಉಳಿಯುವ ಬೂದಿ ಈ ಖನಿಜಾಂಶವೇ. ಮಿಕ್ಕಿದ್ದೆಲ್ಲ ಗಾಳಿ ನೀರುಗಳಿಂದ ಬಂದುದು. ಉರಿಯುವಾಗ ಅಲ್ಲಿಗೇ ಮರಳುತ್ತದೆ. ಸಾರಜನಕವು ಮೂಲತಃ ಗಾಳಿಯದಾದರೂ ಸಸ್ಯವು ಅದನ್ನು ಬೇರಿನ ಮೂಲಕ ಮಣ್ಣಿನಿಂದಲೇ ಪಡೆಯಬೇಕು. ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ ಮತ್ತು ಆತನ ಬಳಿಕ 1840ರಲ್ಲಿ ಲೀಬಿಗ್ ಖನಿಜಗಳೇ ಸಸ್ಯದ ಆಹಾರವೆಂದು ಸಾರಿದರು. ಬೇಕಾದ ಪದಾರ್ಥಗಳಲ್ಲಿ ಯಾವುದು ಅತಿ ಕೊರತೆಯಾಗಿದೆಯೋ ಅದೇ ಬೆಳೆಯ ಪ್ರಮಾಣವನ್ನು ನಿರ್ಧರಿಸುತ್ತದೆ, ಇತರ ಪದಾರ್ಥಗಳು ಎಷ್ಟೇ ಹೇರಳವಾಗಿದ್ದರೂ ಪ್ರಯೋಜನವಿಲ್ಲ ಎಂಬ ನಿಯಮವೂ ಇವರಿಂದಲೇ ಪ್ರಸಿದ್ಧಿಗೆ ಬಂದಿತು. ಉಪ್ಪಿಲ್ಲದ ಅಡಿಗೆಗೆ ಇನ್ನಷ್ಟು ತುಪ್ಪ ಹಾಕಿದರೆ ಉಪ್ಪಿನ ಕೊರತೆ ತೀರುವುದಿಲ್ಲವಷ್ಟೆ. 1860ರ ಸುಮಾರಿಗೆ ಸಾಕ್ಸ್ ಎಂಬ ವಿಜ್ಞಾನಿಯು ಮಣ್ಣೇ ಇಲ್ಲದೆ, ಲವಣಗಳನ್ನು ಕರಗಿಸಿದ ನೀರಿನಲ್ಲಿ ಗಿಡಗಳನ್ನು ಬೆಳೆಸಿ ತೋರಿಸಿದನು. ಒಂದೊಂದೇ ಲವಣವನ್ನು ಬಿಟ್ಟು ಗಿಡದ ಪಾಡನ್ನು ನೋಡುವ ಮಾರ್ಗ ಅಲ್ಲಿಂದ ತೆರೆಯಿತು.

ಈ ಮಾರ್ಗದಲ್ಲಿ ಇಂದಿಗೆ 17 ಮೂಲವಸ್ತುಗಳು ಸಸ್ಯಗಳಿಗೆ ಅತ್ಯಾವಶ್ಯಕವೆಂದು ಸಿದ್ಧಪಟ್ಟಿವೆ. ಇಂಗಾಲ, ಜಲಜನಕ, ಆಮ್ಲಜನಕಗಳು ಗಾಳಿ ನೀರುಗಳಿಂದ ದೊರೆಯುವಂಥವು. ಸಾರಜನಕ, ರಂಜಕ, ಪೊಟ್ಯಾಷ್‌ಗಳು ಗೊಬ್ಬರದ ಚೀಲದ ಮೇಲೆಯೇ ಅಚ್ಚಾಗಿರುವುದರಿಂದ ಎಲ್ಲರಿಗೂ ಗೊತ್ತು. ಸುಣ್ಣಾಂಶ, ಮೆಗ್ನೀಷಿಯಂ, ಗಂಧಕಗಳು ಅವುಗಳ ನಂತರದ ಸಾಲಿನವು. ಇನ್ನುಳಿದ ಎಂಟು, ಅಂದರೆ ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರ, ಬೋರಾನ್, ಮಾಲಿಬ್ಡಿನಂ, ಕ್ಲೋರಿನ್, ನಿಕ್ಕೆಲ್, ಅತ್ಯಲ್ಪ ಪ್ರಮಾಣದಲ್ಲಿ ಬೇಕಾಗುವುದರಿಂದ ಲಘು ಪೋಷಕಾಂಶಗಳೆನಿಸಿಕೊಂಡಿವೆ. ಇವುಗಳಲ್ಲಿ ಕಡೆಯದಾದ ನಿಕ್ಕೆಲ್ ಈ ಪಟ್ಟಿಗೆ ಸೇರಿದುದು 1987ರಲ್ಲಿ, ಬಾರ್ಲಿಯ ಮೇಲೆ ನಡೆದ ಪ್ರಯೋಗಗಳಿಂದ.

'ಲಘು' ಎಂಬ ವಿಶೇಷಣ ಅನೇಕರನ್ನು ದಾರಿ ತಪ್ಪಿಸಿದೆ. ಪ್ರಮಾಣ ಅಲ್ಪವೇ ಹೊರತು ಕಾರ್ಯವಲ್ಲ. ಒಂದು ಹೆಕ್ಟೇರು ಗದ್ದೆಯಲ್ಲಿ 5 ಟನ್ನು ಭತ್ತ ಬೆಳೆದರೆ ಆ ಬೆಳೆ ಹೀರಿಕೊಳ್ಳುವ ಸಾರಜನಕ 75ರಿಂದ 100 ಕಿಲೋಗ್ರಾಂ. ಸತುವಾದರೋ ಸುಮಾರು 250 ಗ್ರಾಂ, ಎಂದರೆ ಕಾಲು ಕಿಲೋ. ಆ ಕಾಲು ಕಿಲೋ ದೊರೆಯದೆ ಹೋದರೆ ಉಳಿದ ನೂರು ಕಿಲೋ ಸಾರಜನಕ ಸುಮ್ಮನೆ ಸುರಿದಂತಾಗುತ್ತದೆ.

ಯಾವ ಅಂಶದ ಕೊರತೆಯಾಗಿದೆ ಎಂಬುದನ್ನು ಸಸ್ಯವು ತನ್ನ ಎಲೆಗಳ ಮೂಲಕ ತಿಳಿಸುತ್ತದೆ. ಆದರೆ ಅದನ್ನು ಓದಲು ಮೊದಲು ನೋಡಬೇಕಾದುದು ಎಲೆಯ ಬಣ್ಣಕ್ಕಿಂತ ಎಲೆಯ ವಯಸ್ಸನ್ನು. ಸಾರಜನಕ, ಪೊಟ್ಯಾಷ್, ಮೆಗ್ನೀಷಿಯಂ ಮುಂತಾದವು ಗಿಡದೊಳಗೆ ಸುಲಭವಾಗಿ ಸಂಚರಿಸಬಲ್ಲವು. ಕೊರತೆಯಾದಾಗ ಗಿಡವು ಹಳೆಯ ಎಲೆಗಳಿಂದ ಅವನ್ನು ತೆಗೆದು ಎಳೆಯ ಎಲೆಗಳಿಗೆ ಕಳಿಸುತ್ತದೆ; ಆದ್ದರಿಂದ ಕೆಳಗಿನ ಮುದಿ ಎಲೆಗಳು ಮೊದಲು ಸೊರಗುತ್ತವೆ. ಸಾರಜನಕ ಸಾಲದಿದ್ದರೆ ಅವು ಇಡಿಯಾಗಿ ಹಳದಿಯಾಗುತ್ತವೆ. ಪೊಟ್ಯಾಷ್ ಸಾಲದಿದ್ದರೆ ಅಂಚು ಸುಟ್ಟಂತಾಗುತ್ತದೆ. ಕಬ್ಬಿಣ, ಸುಣ್ಣಾಂಶ, ಬೋರಾನ್‌ಗಳಿಗೆ ಇಂಥ ಸಂಚಾರವಿಲ್ಲ. ಅವು ಒಮ್ಮೆ ಎಲ್ಲಿ ಸೇರಿದವೋ ಅಲ್ಲಿಯೇ ಉಳಿದುಬಿಡುವುದರಿಂದ, ಕೊರತೆ ತೋರುವುದು ತುದಿಯ ಚಿಗುರಿನಲ್ಲಿ. ಮುಂಬಯಿ, ಪುಣೆಗಳಲ್ಲಿ ಬಾಲ್ಕನಿಯ ಕುಂಡದಲ್ಲಿ ಕರಿಬೇವು ಬೆಳೆಸುವ ಗೃಹಿಣಿಯರು ಇದನ್ನು ಕಂಡಿರಬಹುದು. ಕೆಳಗಿನ ಎಲೆಗಳು ಹಸಿರಾಗಿಯೇ ಇದ್ದು, ಹೊಸ ಚಿಗುರು ಮಾತ್ರ ಬಿಳಿಹಳದಿಯಾಗಿ, ನರಗಳಷ್ಟೇ ಹಸಿರು ಗೆರೆಗಳಂತೆ ಎದ್ದು ಕಂಡರೆ ಅದು ಬಹುಮಟ್ಟಿಗೆ ಕಬ್ಬಿಣದ ಕೊರತೆ. ಗಡಸು ನೀರನ್ನೇ ವರ್ಷಗಟ್ಟಲೆ ಹಾಕಿದ ಕುಂಡಗಳಲ್ಲಿ ಇದು ಸಾಮಾನ್ಯ. ಮಹಾರಾಷ್ಟ್ರದ ಸುಣ್ಣ ಬೆರೆತ ಕಪ್ಪು ಭೂಮಿಯ ಕಬ್ಬಿನಲ್ಲಿಯೂ ಶೇಂಗಾ ಬೆಳೆಯಲ್ಲಿಯೂ ಕಾಣುವುದು ಇದೇ ವ್ಯಾಧಿ. ಇನ್ನು, ಟೊಮೇಟೊ ಹಣ್ಣಿನ ತಳ ಕಪ್ಪಾಗಿ ಒಳಸರಿಯುವುದು ಕಾಯಿಗೆ ಸುಣ್ಣಾಂಶ ತಲುಪದಿರುವುದರ ಗುರುತು.

ಸತುವಿನ ನಡವಳಿಕೆ ಈ ಎರಡರ ನಡುವಿನದು. ಆದ್ದರಿಂದಲೇ ಅದನ್ನು ಪತ್ತೆಹಚ್ಚುವುದು ತೊಡಕಾಯಿತು. ಅದು ಗಿಡದೊಳಗೆ ಸ್ವಲ್ಪಮಟ್ಟಿಗೆ ಸಂಚರಿಸುತ್ತದೆ, ಸಾಕಷ್ಟು ಸಂಚರಿಸುವುದಿಲ್ಲ. ಮೆಕ್ಕೆಜೋಳದಲ್ಲಿ ಸುಳಿ ಬೆಳ್ಳಗಾಗುತ್ತದೆ. ನಿಂಬೆ, ಕಿತ್ತಳೆ ಗಿಡಗಳಲ್ಲಿ ಎಲೆ ಕಿರಿದಾಗಿ, ಚಿತ್ತಾರದಂತೆ ಹಳದಿ ಮಚ್ಚೆಗಳು ಬೀಳುತ್ತವೆ. ಭತ್ತದಲ್ಲಿ ಬಿಳಚುವಿಕೆಯೂ ಕಾಚಿನ ಕಲೆಯೂ ಒಟ್ಟಿಗೆ ಕಾಣುತ್ತವೆ.

ಸತುವಿನ ಅಗತ್ಯವು ಪ್ರಯೋಗಾಲಯದಲ್ಲಿ ನಿಸ್ಸಂದೇಹವಾಗಿ ಸ್ಥಾಪಿತವಾದುದು 1926ರಲ್ಲಿ, ಬಾರ್ಲಿ ಮತ್ತು ಸೂರ್ಯಕಾಂತಿ ಗಿಡಗಳ ಮೇಲೆ. ತೋಟಗಳಲ್ಲಿ ಅದು ಬೆಳಕಿಗೆ ಬಂದ ಬಗೆ ಮಾತ್ರ ಬಲು ತಮಾಷೆಯದು. 1930ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಹಣ್ಣಿನ ಮರಗಳಿಗೆ ಎಲೆ ಕಿರಿದಾಗುವ ರೋಗ ಹತ್ತಿದಾಗ, ಕಬ್ಬಿಣದ ಕೊರತೆ ಇರಬೇಕೆಂದು ಬುಡಕ್ಕೆ ಹೇರಳವಾಗಿ ಕಬ್ಬಿಣದ ಸಲ್ಫೇಟ್ ಹಾಕಿದರು. ಮರಗಳು ಚೇತರಿಸಿಕೊಂಡವು. ಆದರೆ ಶುದ್ಧೀಕರಿಸಿದ ಕಬ್ಬಿಣದ ಸಲ್ಫೇಟ್ ಹಾಕಿದ ಮರಗಳು ಗುಣವಾಗಲಿಲ್ಲ. ವಾಸಿ ಮಾಡಿದ್ದು ಕಬ್ಬಿಣವಲ್ಲ, ಅದರಲ್ಲಿ ಬೆರೆತಿದ್ದ ಕಲ್ಮಶ. ಆ ಕಲ್ಮಶವೇ ಸತು. ಅದೇ ಕಾಲಕ್ಕೆ ಅಮೆರಿಕದ ದಕ್ಷಿಣ ಭಾಗದಲ್ಲಿ, ಅಕ್ರೋಟಿನ ಕುಲಕ್ಕೆ ಸೇರಿದ ಪೆಕಾನ್ ಮರಗಳ ಮೇಲೂ ಕಬ್ಬಿಣದ ದ್ರಾವಣದ ಪ್ರಯೋಗ ನಡೆದಿತ್ತು. ಸತುವಿನ ಲೇಪವಿರುವ ತಗಡಿನ ಪಾತ್ರೆಯಲ್ಲಿ ಕಲಸಿದ ದ್ರಾವಣ ಮಾತ್ರ ಗುಣ ಕೊಟ್ಟಿತು. ಔಷಧ ಬಕೆಟ್ಟಿನೊಳಗಲ್ಲ, ಬಕೆಟ್ಟಿನ ಗೋಡೆಯಲ್ಲಿದ್ದಿತು.

ಗಿಡದಲ್ಲಿ ಸತುವಿಗಿರುವ ಕೆಲಸವೇನು? ಜೀವಕೋಶಗಳಲ್ಲಿ ರಾಸಾಯನಿಕ ಕ್ರಿಯೆಗಳನ್ನು ನಡೆಸುವ ಕಿಣ್ವಗಳೆಂಬ ಪದಾರ್ಥಗಳಲ್ಲಿ ಹಲವಕ್ಕೆ ಸತು ಒಂದು ಅವಯವವೇ ಆಗಿದೆ. ಅದಿಲ್ಲದೆ ಅವು ಕೆಲಸ ಮಾಡಲಾರವು. ಸಾರಜನಕವನ್ನು ಸಸಾರಜನಕ ಪದಾರ್ಥಗಳಾಗಿ ಕಟ್ಟುವ ಕಾರ್ಯಕ್ಕೂ ಅದು ಬೇಕು. ಗಿಡದ ಗೆಣ್ಣುಗಳನ್ನು ನೀಳವಾಗಿಸುವ, ಚಿಗುರನ್ನು ಬೆಳೆಸುವ ಆಕ್ಸಿನ್ ಎಂಬ ಚೋದಕ ಪದಾರ್ಥದ ಪ್ರಮಾಣವು ಸತು ಸಾಲದಿದ್ದರೆ ಇಳಿದುಹೋಗುತ್ತದೆ. ಖೈರಾ ತಗುಲಿದ ಭತ್ತ ಗಿಡ್ಡಾಗಿ ನಿಲ್ಲುವುದು ಈ ಕಾರಣದಿಂದ.

ಈಗ ಪಂತನಗರಕ್ಕೆ ಮರಳಬಹುದು. ಎಲೆಯ ಮೇಲೆ ಕಲೆಗಳು ಕಂಡಾಗ ಶಿಲೀಂಧ್ರವನ್ನೋ ಬ್ಯಾಕ್ಟೀರಿಯವನ್ನೋ ಶಂಕಿಸುವುದು ಸಹಜ. ಭತ್ತಕ್ಕೆ ಕಂದು ಚುಕ್ಕೆ ತರುವ ಶಿಲೀಂಧ್ರಗಳೂ ಇವೆಯಷ್ಟೆ. ಡಾ. ನೇನೆ ಅವರು ಸಸ್ಯರೋಗ ವಿಜ್ಞಾನಿಯಾಗಿದ್ದೂ, ತಮ್ಮ ಶಾಸ್ತ್ರದ ಹೊರಗೆ ಕಾರಣವನ್ನು ಹುಡುಕಲು ಸಿದ್ಧರಾದುದು ಇಲ್ಲಿ ವಿಶೇಷವಾಗಿ ಹೇಳಬೇಕಾದ ಸಂಗತಿ. ಖೈರಾಕ್ಕೆ ರೋಗಾಣು ಕಾರಣವಲ್ಲ, ಸತುವಿನ ಕೊರತೆಯೇ ಕಾರಣವೆಂದು ಅವರು 1966ರಲ್ಲಿ ಪ್ರಕಟಿಸಿದರು. ಭತ್ತದ ಗದ್ದೆಯಲ್ಲಿ ಸತುವಿನ ಕೊರತೆಯನ್ನು ಲೋಕದಲ್ಲಿಯೇ ಮೊದಲು ಗುರುತಿಸಿದ ವರದಿಗಳಲ್ಲಿ ಇದನ್ನು ಎಣಿಸಲಾಗುತ್ತದೆ. ಬಳಿಕ ಅವರು ಹೈದರಾಬಾದಿನ ಸಮೀಪದ ಪಟಾನ್‌ಚೆರುವಿನಲ್ಲಿರುವ ಅಂತಾರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ಬಹುಕಾಲ ಸೇವೆ ಸಲ್ಲಿಸಿದರು.

ಪರಿಹಾರ ಸರಳವಾಗಿದ್ದಿತು. ಹೆಕ್ಟೇರೊಂದಕ್ಕೆ 5 ಕಿಲೋ ಜಿಂಕ್ ಸಲ್ಫೇಟ್, ಎಂದರೆ ಸತುವಿನ ಸಲ್ಫೇಟ್, ಮತ್ತು 2.5 ಕಿಲೋ ಅರಳಿಸಿದ ಸುಣ್ಣವನ್ನು 1000 ಲೀಟರು ನೀರಿನಲ್ಲಿ ಬೆರೆಸಿ ಪೈರಿನ ಮೇಲೆ ಸಿಂಪಡಿಸುವುದು. ಸುಣ್ಣ ಸೇರಿಸುವುದು ಪೋಷಣೆಗಾಗಿ ಅಲ್ಲ. ಜಿಂಕ್ ಸಲ್ಫೇಟ್ ದ್ರಾವಣದ ಹುಳಿಗುಣದಿಂದ ಎಲೆ ಸುಡದಿರಲೆಂದು. ಮುಂದಿನ ಬೆಳೆಗೆ ಮುಂಚಿತವಾಗಿಯೇ ಎಚ್ಚರಿಕೆ ವಹಿಸುವವರು ಹೆಕ್ಟೇರಿಗೆ 25 ಕಿಲೋದಷ್ಟನ್ನು ನಾಟಿಗೆ ಮೊದಲು ಮಣ್ಣಿಗೇ ಸೇರಿಸುತ್ತಾರೆ. ಸಿಂಪಡಿಸಿದ ಮೇಲೆ ಕಾಚಿನ ಬಣ್ಣಕ್ಕೆ ತಿರುಗಿ ಸತ್ತ ಎಲೆಯ ಭಾಗ ಮರಳಿ ಹಸಿರಾಗುವುದಿಲ್ಲ. ಗುಣವಾಯಿತೋ ಇಲ್ಲವೋ ಎಂಬುದನ್ನು ಹೊಸದಾಗಿ ಹೊರಬರುವ ಎಲೆಯನ್ನು ನೋಡಿಯೇ ತಿಳಿಯಬೇಕು. ಇದನ್ನರಿಯದೆ ಒಂದೇ ವಾರದಲ್ಲಿ ನಿರಾಶರಾಗಿ ಬೇರೆ ಬೇರೆ ಔಷಧಗಳಿಗೆ ಹಣ ಸುರಿದವರುಂಟು.

ಇಲ್ಲೊಂದು ಸಂದೇಹ ಏಳುತ್ತದೆ. ಬೆಳೆಗೆ ಬೇಕಾದುದು ಕಾಲು ಕಿಲೋ ಸತು. ಜಿಂಕ್ ಸಲ್ಫೇಟಿನಲ್ಲಿ ಶೇಕಡಾ 21ರಷ್ಟು ಸತು ಇರುವುದರಿಂದ 25 ಕಿಲೋ ಎಂದರೆ 5 ಕಿಲೋಗೂ ಮೀರಿದ ಸತು. ಇಪ್ಪತ್ತು ಪಟ್ಟು ಹೆಚ್ಚು ಕೊಡುವುದೇಕೆ? ಇದಕ್ಕಿಂತಲೂ ಸೋಜಿಗದ ಲೆಕ್ಕವೊಂದಿದೆ. ಸಾಧಾರಣ ಮಣ್ಣಿನ ಒಂದು ಕಿಲೋದಲ್ಲಿ 50 ಮಿಲಿಗ್ರಾಂನಷ್ಟು ಸತು ಇರುತ್ತದೆ. ಒಂದು ಹೆಕ್ಟೇರಿನ ನೇಗಿಲ ಪದರದ ಮಣ್ಣಿನ ತೂಕ ಇಪ್ಪತ್ತು ಲಕ್ಷ ಕಿಲೋಗೂ ಹೆಚ್ಚು. ಹಾಗಾಗಿ ಪೈರಿನ ಬೇರಿನ ಸುತ್ತ ಇರುವ ಸತು ಸುಮಾರು 100 ಕಿಲೋ! ನೂರು ಕಿಲೋ ಕಣ್ಣೆದುರಿಗಿದ್ದೂ ಕಾಲು ಕಿಲೋ ಸಿಗದೆ ಭತ್ತ ಸಾಯುತ್ತದೆ. ಸಮುದ್ರದ ನಡುವೆ ಬಾಯಾರಿದವನ ಸ್ಥಿತಿ ಅದರದು.

ಇದ್ದುದೆಲ್ಲವೂ ದಕ್ಕುವುದಿಲ್ಲ ಎಂಬುದೇ ಉತ್ತರ. ಬೇರು ಹೀರಬಲ್ಲುದು ನೀರಿನಲ್ಲಿ ಕರಗಿರುವ ಅಥವಾ ಮಣ್ಣಿನ ಕಣಗಳಿಗೆ ಸಡಿಲವಾಗಿ ಅಂಟಿಕೊಂಡಿರುವ ಸತುವನ್ನು ಮಾತ್ರ. ಮಣ್ಣು ಹುಳಿಯಿಂದ ಕ್ಷಾರದ ಕಡೆಗೆ ಸರಿದಂತೆ ಸತು ಕರಗುವುದು ತಗ್ಗುತ್ತದೆ. ರಸಸಾರದ ಅಳತೆಯಲ್ಲಿ ಒಂದು ಅಂಶ ಏರಿದರೆ ಕರಗುವ ಪ್ರಮಾಣ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸುಣ್ಣ ಬೆರೆತ ಮಣ್ಣಿನಲ್ಲಿ ಸತು ಸುಣ್ಣದ ಕಣಗಳನ್ನೇ ಅಪ್ಪಿ ಕುಳಿತುಬಿಡುತ್ತದೆ. ಭತ್ತದ ಗದ್ದೆಗೆ ಇನ್ನೊಂದು ಕಷ್ಟವಿದೆ. ಸದಾ ನೀರು ನಿಂತ ಮಣ್ಣಿನೊಳಗೆ ಗಾಳಿಯಾಡದೆ, ಕೊಳೆಯುವ ಎಲೆಗಸಗಳಿಂದ ಹೊರಡುವ ಪದಾರ್ಥಗಳು ಸತುವನ್ನು ಕರಗದ ರೂಪಕ್ಕೆ ತಿರುಗಿಸುತ್ತವೆ. ಬೇರಿನ ಶಕ್ತಿಯನ್ನೂ ಕುಂದಿಸುತ್ತವೆ. ರೈತನು ಫಲವತ್ತತೆಯ ಲಕ್ಷಣಗಳೆಂದು ತಿಳಿದ ಕೊಳೆತ ಎಲೆಗೊಬ್ಬರ, ನಿಂತ ನೀರು ಇವುಗಳೇ ಸುಣ್ಣದೊಡನೆ ಸೇರಿದಾಗ ಸತುವನ್ನು ಬಚ್ಚಿಟ್ಟವು.

ಅದೇ ವರ್ಷಗಳಲ್ಲಿ ತೈಚುಂಗ್ ನೇಟಿವ್ 1, ಐ.ಆರ್. 8 ಎಂಬ ಗಿಡ್ಡ ತಳಿಗಳು ಭಾರತಕ್ಕೆ ಬಂದವು. ಹೆಚ್ಚು ಗೊಬ್ಬರ ಉಂಡು ಹೆಚ್ಚು ಕಾಳು ಕೊಡುವುದು ಅವುಗಳ ಗುಣ. ಹೆಚ್ಚು ಇಳುವರಿ ಎಂದರೆ ಮಣ್ಣಿನಿಂದ ಎಲ್ಲ ಖನಿಜಗಳ ಹೆಚ್ಚು ಸೆಳೆತವೆಂದೇ ಅರ್ಥ. ಆದರೆ ಹಿಂದಿರುಗಿಸಿದುದು ಸಾರಜನಕ, ರಂಜಕ, ಪೊಟ್ಯಾಷ್‌ಗಳನ್ನಷ್ಟೆ. ಕೊಟ್ಟಿಗೆ ಗೊಬ್ಬರದ ಪ್ರಮಾಣವೂ ಇಳಿಮುಖವಾಯಿತು. ಹಸಿರು ಕ್ರಾಂತಿ ದೇಶದ ಹಸಿವನ್ನು ನೀಗಿಸಿದುದು ನಿರ್ವಿವಾದ. ಆದರೂ ಅದರ ಲೆಕ್ಕಪತ್ರದಲ್ಲಿ ಈ ಖರ್ಚಿನ ಬಾಬನ್ನು ಬರೆದುಕೊಳ್ಳುವುದು ತಡವಾಯಿತೆನ್ನದೆ ವಿಧಿಯಿಲ್ಲ.

ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1967ರಲ್ಲಿ ಲಘು ಪೋಷಕಾಂಶಗಳ ಬಗೆಗೆ ಅಖಿಲ ಭಾರತ ಯೋಜನೆಯೊಂದನ್ನು ಕೈಗೊಂಡಿತು. ಮಣ್ಣಿನಲ್ಲಿ ಬೇರಿಗೆ ದಕ್ಕುವ ಸತುವನ್ನು ಅಳೆಯುವ ವಿಧಾನ ಬಳಕೆಗೆ ಬಂದು, ಕಿಲೋಗೆ 0.6 ಮಿಲಿಗ್ರಾಂಗಿಂತ ಕಡಮೆಯಿದ್ದರೆ ಕೊರತೆಯೆಂದು ಪರಿಗಣಿಸುವ ಪದ್ಧತಿ ಸಾಮಾನ್ಯವಾಗಿ ನೆಲೆಗೊಂಡಿತು. ದೇಶದ ನಾನಾ ಭಾಗಗಳಿಂದ ತಂದು ಪರೀಕ್ಷಿಸಿದ ಮಣ್ಣುಗಳಲ್ಲಿ ಹಿಂದಿನ ದಶಕಗಳಲ್ಲಿ ಸುಮಾರು ಅರ್ಧದಷ್ಟು ಸತುವಿನ ಕೊರತೆಯವೆಂದು ಕಂಡುಬಂದಿದ್ದವು; ಇತ್ತೀಚಿನ ಸಮೀಕ್ಷೆಗಳಲ್ಲಿ ಈ ಪ್ರಮಾಣ ಮೂರರಲ್ಲಿ ಒಂದಂಶಕ್ಕಿಂತ ಸ್ವಲ್ಪ ಹೆಚ್ಚು. ರೈತರು ಜಿಂಕ್ ಸಲ್ಫೇಟ್ ಬಳಸತೊಡಗಿದುದರ ಫಲವೂ ಇದರಲ್ಲಿದೆ. ಕರ್ನಾಟಕ ಸರ್ಕಾರವು 2009ರಲ್ಲಿ ಇಕ್ರಿಸ್ಯಾಟ್ ಸಹಯೋಗದೊಡನೆ 'ಭೂಚೇತನ' ಕಾರ್ಯಕ್ರಮವನ್ನು ಆರಂಭಿಸಿದಾಗ, ಮಳೆಯಾಶ್ರಿತ ಜಮೀನುಗಳ ಮಣ್ಣಿನಲ್ಲಿ ಸತು, ಬೋರಾನ್, ಗಂಧಕಗಳ ಕೊರತೆ ವ್ಯಾಪಕವಾಗಿರುವುದು ಬೆಳಕಿಗೆ ಬಂದಿತು. ಬರಗಾಲದ ಬೆಳೆ ಬಡವಾದುದಕ್ಕೆ ಮಳೆಯೊಂದನ್ನೇ ದೂರುತ್ತಿದ್ದ ಕಡೆಗಳಲ್ಲಿ ಜಿಪ್ಸಂ, ಜಿಂಕ್ ಸಲ್ಫೇಟ್, ಬೋರಾಕ್ಸ್‌ಗಳಿಂದ ಇಳುವರಿ ಹೆಚ್ಚಿದುದನ್ನು ರೈತರು ಕಂಡರು.

ಸತುವಿನ ಅಭಾವ ಗದ್ದೆಯಲ್ಲಿಯೇ ನಿಲ್ಲುವುದಿಲ್ಲ. ಬಿಹಾರದ ಬಕ್ಸರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ವೈದ್ಯರಾಗಿದ್ದ ಡಾ. ಆನಂದ ಪ್ರಸಾದ್ ಅವರು ಇರಾನಿನಲ್ಲಿ, ವಯಸ್ಸಿಗೆ ತಕ್ಕ ಎತ್ತರವೂ ಪ್ರಾಯದ ಲಕ್ಷಣಗಳೂ ಇಲ್ಲದ ತರುಣರನ್ನು ಪರೀಕ್ಷಿಸಿ 1961ರಲ್ಲಿ ವರದಿ ಪ್ರಕಟಿಸಿದರು. ಅವರ ಆಹಾರ ಬಹುಪಾಲು ರೊಟ್ಟಿಯೇ ಆಗಿದ್ದಿತು. ಮುಂದೆ ಈಜಿಪ್ಟಿನಲ್ಲಿ ನಡೆಸಿದ ಅಧ್ಯಯನದಿಂದ ಮನುಷ್ಯನಿಗೂ ಸತುವಿನ ಕೊರತೆ ಉಂಟಾಗುತ್ತದೆ ಎಂಬುದನ್ನು ಸ್ಥಾಪಿಸಿದರು. ಧಾನ್ಯಗಳಲ್ಲಿರುವ ಫೈಟೇಟ್ ಎಂಬ ಪದಾರ್ಥವು ಕರುಳಿನಲ್ಲಿ ಸತುವನ್ನು ಹಿಡಿದಿಟ್ಟು ದೇಹಕ್ಕೆ ಸೇರದಂತೆ ಮಾಡುತ್ತದೆ. ಮಣ್ಣಿನಲ್ಲಿ ಸುಣ್ಣವು ಮಾಡುವ ಕೆಲಸವನ್ನೇ ಹೊಟ್ಟೆಯಲ್ಲಿ ಫೈಟೇಟ್ ಮಾಡುವುದು ವಿಚಿತ್ರವಾದ ಹೋಲಿಕೆ. ಮೂರು ಹೊತ್ತೂ ಅನ್ನವನ್ನೇ ನಂಬಿದ ಬಡ ಕುಟುಂಬಗಳ ಮಕ್ಕಳಿಗೆ ಅಕ್ಕಿಯಲ್ಲಿರುವ ಸತುವಿನ ಪ್ರಮಾಣ ಮುಖ್ಯವಾಗುವುದು ಈ ಕಾರಣದಿಂದ. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯಿಂದ 2016ರಲ್ಲಿ ಬಿಡುಗಡೆಯಾದ 'ಡಿ.ಆರ್.ಆರ್. ಧಾನ್ 45' ತಳಿಯ ಪಾಲಿಷ್ ಮಾಡಿದ ಅಕ್ಕಿಯಲ್ಲಿ ಕಿಲೋಗೆ 22 ಮಿಲಿಗ್ರಾಂಗೂ ಮೀರಿದ ಸತು ಇದೆ. ರೂಢಿಯ ತಳಿಗಳಲ್ಲಿ ಅದು ಇದಕ್ಕಿಂತ ಬಹಳ ಕಡಮೆ. ಆದರೆ ಎಂಥ ತಳಿಯಾದರೂ ಮಣ್ಣಿನಲ್ಲಿ ದಕ್ಕದ ಸತುವನ್ನು ಕಾಳಿಗೆ ತುಂಬಲಾರದು.

ಜಿಂಕ್ ಸಲ್ಫೇಟಿನ ಬಳಕೆಯಲ್ಲಿ ಎರಡು ಮೂರು ಮಾತುಗಳನ್ನು ಗಮನಿಸುವುದು ಒಳಿತು. ಇದನ್ನು ಡಿ.ಎ.ಪಿ. ಮುಂತಾದ ರಂಜಕದ ಗೊಬ್ಬರದೊಡನೆ ಬೆರೆಸಬಾರದು. ಎರಡೂ ಸೇರಿ ಕರಗದ ಗಸಿಯಾಗಿ ಎರಡೂ ವ್ಯರ್ಥವಾಗುತ್ತವೆ. ಈ ದೋಷದಿಂದಲೇ ಒಂದು ಉಪಕಾರವೂ ಇದೆ. ಪೇಟೆಯಲ್ಲಿ ಜಿಂಕ್ ಸಲ್ಫೇಟ್ ಎಂದು ಅದರಂತೆಯೇ ಕಾಣುವ, ಅಗ್ಗವಾದ ಮೆಗ್ನೀಷಿಯಂ ಸಲ್ಫೇಟನ್ನು ಮಾರುವ ಮೋಸ ಆಗಾಗ ನಡೆಯುವುದುಂಟು. ಡಿ.ಎ.ಪಿ.ಯನ್ನು ಶುದ್ಧ ನೀರಿನಲ್ಲಿ ಕರಗಿಸಿ ಸೋಸಿದ ತಿಳಿಗೆ, ಕೊಂಡು ತಂದ ಹರಳನ್ನು ಕರಗಿಸಿದ ನೀರನ್ನು ಸೇರಿಸಿದಾಗ ದಪ್ಪನೆಯ ಬಿಳಿ ಗಸಿ ಕಟ್ಟಿದರೆ ಅದು ಸತುವಿನದು. ಕಟ್ಟದಿದ್ದರೆ ಮೆಗ್ನೀಷಿಯಂ ಎಂದು ಶಂಕಿಸಬಹುದು. ಮಣ್ಣಿಗೆ ಹಾಕಿದ ಸತುವಿನ ಪರಿಣಾಮ ಒಂದೇ ಬೆಳೆಗೆ ಮುಗಿಯುವುದಿಲ್ಲ. ಮುಂದಿನ ಕೆಲವು ಬೆಳೆಗಳಿಗೂ ಉಳಿಯುತ್ತದೆ. ಆದ್ದರಿಂದ ನೆರೆಯವನು ಹಾಕಿದನೆಂದು ಪ್ರತಿ ಹಂಗಾಮಿನಲ್ಲೂ ಹಾಕುವುದು ದುಂದು. ಲಘು ಪೋಷಕಾಂಶಗಳು ಅತಿಯಾದರೆ ವಿಷವಾಗುತ್ತವೆ. ಬೋರಾನಿನ ವಿಷಯದಲ್ಲಂತೂ ಸಾಲದುದಕ್ಕೂ ಹೆಚ್ಚಾದುದಕ್ಕೂ ನಡುವಣ ಅಂತರ ಬಹಳ ಕಿರಿದು.

ಹಾಕಬೇಕೋ ಬೇಡವೋ ಎಂಬುದನ್ನು ಮಣ್ಣಿನ ಪರೀಕ್ಷೆಯಿಂದಲೇ ತಿಳಿಯಬೇಕು. ಕೇಂದ್ರ ಸರ್ಕಾರವು 2015ರ ಫೆಬ್ರವರಿಯಲ್ಲಿ ಆರಂಭಿಸಿದ ಮಣ್ಣು ಆರೋಗ್ಯ ಪತ್ರದ ಯೋಜನೆಯಲ್ಲಿ 12 ಅಂಶಗಳನ್ನು ಪರೀಕ್ಷಿಸಲಾಗುತ್ತದೆ. ಅವುಗಳಲ್ಲಿ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್ ಎಂಬ ಐದು ಲಘು ಪೋಷಕಾಂಶಗಳೂ ಸೇರಿವೆ. ಉದ್ಯೋಗನಿಮಿತ್ತ ಹೊರನಾಡಿನಲ್ಲಿದ್ದು ಊರಿನಲ್ಲಿ ಜಮೀನು ಇರಿಸಿಕೊಂಡಿರುವ ಅನೇಕರು, ರಜೆಯಲ್ಲಿ ಹೋದಾಗ ಈ ಕೆಲಸವನ್ನು ತಾವೇ ಮಾಡಿಸಬಹುದು. ಫಸಲು ಕೊಯ್ದಾದ ಮೇಲೆ, ಗೊಬ್ಬರ ಹಾಕುವ ಮೊದಲು, ಹೊಲದ ಹತ್ತಾರು ಕಡೆ 15 ಸೆಂಟಿಮೀಟರು ಆಳದವರೆಗೆ ಮಣ್ಣು ತೆಗೆಯಬೇಕು. ಬದುವಿನ ಪಕ್ಕ, ಮರದ ನೆರಳು, ತಿಪ್ಪೆಯಿದ್ದ ಜಾಗ ಇವನ್ನು ಬಿಡಬೇಕು. ತೆಗೆದ ಮಣ್ಣನ್ನೆಲ್ಲ ಚೆನ್ನಾಗಿ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗಗಳನ್ನು ಬಿಡುತ್ತ ಬಿಡುತ್ತ ಕಡೆಗೆ ಅರ್ಧ ಕಿಲೋ ಉಳಿಸಿಕೊಂಡು, ನೆರಳಿನಲ್ಲಿ ಒಣಗಿಸಿ ಬಟ್ಟೆಯ ಚೀಲದಲ್ಲಿ ಕಟ್ಟಬೇಕು. ಮಣ್ಣನ್ನು ಬೆರೆಸಲು ಪ್ಲಾಸ್ಟಿಕ್ ಬುಟ್ಟಿಯನ್ನೋ ಮರದ ಹಲಗೆಯನ್ನೋ ಉಪಯೋಗಿಸಬೇಕೇ ಹೊರತು, ಸತುವಿನ ಲೇಪವಿರುವ ತಗಡಿನ ಬಕೆಟ್ಟನ್ನು ಎಷ್ಟು ಮಾತ್ರಕ್ಕೂ ಬಳಸಬಾರದು. ಪೆಕಾನ್ ಮರವನ್ನು ಗುಣಪಡಿಸಿದ ಆ ಬಕೆಟ್ಟಿನ ಗೋಡೆಯೇ ಇಲ್ಲಿ ಮಣ್ಣಿಗೆ ಇಲ್ಲದ ಸತುವನ್ನು ಕೊಟ್ಟು, ಕೊರತೆಯ ಹೊಲವನ್ನು ಸಮೃದ್ಧವೆಂದು ತೋರಿಸಿಬಿಡುತ್ತದೆ.